ಇಸ್ತ್ರಿ ಮೇಜಿನ ಅಕ್ಷರಗಳು

ಅಂಗಡಿ ಬೋರ್ಡು, ಕಾರ್ಡುಗಳ ವಿನ್ಯಾಸ ಮಾಡುವ ಗಂಡ ತನ್ನ ಹೊಸ ಅಕ್ಷರಗಳನ್ನು ಕಂಪ್ಯೂಟರಿನ ಪರದೆ ತುಂಬ ಹರಡಿಕೊಂಡು "ಬಾ ಇಲ್ಲಿ, ನೋಡು" ಎಂದು ಕರೆದಾಗ ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯೂನಿಫಾರ್ಮಿನ ಅಂಚು ಮಡಿಸುತ್ತಿದ್ದಳು. ಸೂಜಿ ಇದ್ದದ್ದೇ ಒಳ್ಳೆಯದಾಯಿತು. ಇಲ್ಲದಿದ್ದರೆ ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡುತ್ತಿದ್ದಳು.

ದಪ್ಪ ದಪ್ಪ ಅಕ್ಷರಗಳು. ಒಂದೊಂದೂ ಕರಿ ಚೌಕಗಳನ್ನು ಪೇರಿಸಿ ಕಟ್ಟಿದ್ದು. ಹಳೇ ವಿಡಿಯೋ ಗೇಮಿನಲ್ಲಿ ಸೋತಾಗ ಪರದೆ ಮೇಲೆ ಬರುತ್ತಿದ್ದವಲ್ಲ, ಅಂಥವು. ನಮ್ಮ ದುಂಡನೆಯ ಅಕ್ಷರಗಳನ್ನು ಹೀಗೆ ಮೂಲೆ ಮೂಲೆಯಾಗಿ ಕೂರಿಸಿಯೂ ಓದುವ ಹಾಗೆ ಮಾಡುವುದು ಹುಡುಗಾಟವಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತು, ಏಕೆಂದರೆ ಕೂರಿಸಿದವಳು ಅವಳೇ.

ಮಗಳು ಅಕ್ಷರ ಕಲಿಯುವ ಕಾಲಕ್ಕೆ ಒಂದು ಹೊದಿಕೆಯ ತುಂಬ ಅ ದಿಂದ ಳ ವರೆಗೆ ಚೌಕ ಚೌಕವಾಗಿ ಕ್ರಾಸ್ ಸ್ಟಿಚ್ ಕಸೂತಿ ಹಾಕಿದ್ದಳು. ಮಗಳು ದೊಡ್ಡವಳಾಗಿ ಹಾಸ್ಟೆಲಿಗೆ ಹೋದ ಮೇಲೆ ಆ ಹೊದಿಕೆ ಇಸ್ತ್ರಿ ಮೇಜಿನ ಹಾಸಾಯಿತು. ಈ ಮಹಾಶಯ ಅಂಗಿಗೆ ಇಸ್ತ್ರಿ ಹಾಕುತ್ತ ಅದನ್ನು ನೋಡಿ, ಫೋಟೋ ಹೊಡೆದು, ಹೊಲಿಗೆಗೊಂದು ಚೌಕದಂತೆ ಇಟ್ಟು ಭಟ್ಟಿ ಇಳಿಸಿದ್ದ. ಮೇಲಿಂದ ತನ್ನದೇ ಹೆಸರು ಬೇರೆ ಇಟ್ಟಿದ್ದ. ಕದಿಯುವುದಕ್ಕೂ ಒಂದು ಯೋಗ್ಯತೆ ಬೇಡವೇ? 'ಮ' ಅಕ್ಷರದ ಬಾಲದಲ್ಲಿ ಒಂದು ಹೊಲಿಗೆ ಇರಲಿಲ್ಲ. ಆಮೇಲೆ ತುಂಬಿದರಾಯಿತೆಂದು ಬಿಟ್ಟವಳು ಮರೆತಿದ್ದಳು. ಪುಣ್ಯಾತ್ಮ ಆ ತೂತನ್ನೂ ಬಿಡದೆ ಎತ್ತಿಕೊಂಡಿದ್ದ.

ಸೂಜಿ ತೆಗೆದು ಕೇಳಿದಳು: "ಇದು ನನ್ನ ಹೊದಿಕೇದಲ್ವಾ?"

"ಅದರಿಂದ ಸ್ವಲ್ಪ ಐಡಿಯಾ ಬಂತು, ಅಷ್ಟೇ. ನಿಂದು ಟೈಂಪಾಸ್ ಹೊಲಿಗೆ. ಇದು ಟೈಪ್‌ಫೇಸು ಕಣೇ, ಅಚ್ಚಿಗೆ ಹೋಗೋ ಅಕ್ಷರ."

ಅವಳಿಗೇನೂ ಸನ್ಮಾನ ಬೇಕಿರಲಿಲ್ಲ. ಯಾರಾದರೊಬ್ಬರ ಮುಂದೆ 'ಇದು ಇವಳು ಮಾಡಿದ್ದು' ಅಂದರೆ ಸಾಕಿತ್ತು. ಬೀದಿಯ ಅರ್ಧ ಮಕ್ಕಳ ಯೂನಿಫಾರ್ಮ್ ಅವಳ ಮಿಷನ್ ಮೇಲೆ ಹುಟ್ಟುತ್ತಿದ್ದರೂ, ಮದುವೆಯಾದಾಗಿನಿಂದ ಬಂದವರಿಗೆಲ್ಲ ಅವನು ಪರಿಚಯ ಮಾಡಿಕೊಡುತ್ತಿದ್ದದ್ದು ಒಂದೇ ಮಾತಿನಲ್ಲಿ: "ಇವಳು ಮನೇಲೇ ಇರ್ತಾಳೆ."

ಆಮೇಲೆ ಶುರುವಾಯಿತು ನೋಡಿ ಬೋರ್ಡುಗಳ ಹಾವಳಿ. ಜಿಮ್ಮಿಗೆ ಅದೇ ಅಕ್ಷರ, ವಕೀಲರ ಕಾರ್ಡಿಗೂ ಅದೇ. ಹಲ್ಲಿನ ಡಾಕ್ಟರ ಬಾಗಿಲ ಮೇಲೆ ಆ ಚೌಕಗಳು ಕಿತ್ತಿಟ್ಟ ದವಡೆಹಲ್ಲಿನ ಹಾಗೆ ಕಾಣುತ್ತಿದ್ದವು. ಅವು ದೂರದಿಂದ ಕೂಗಿ ಕರೆಯುವ ಅಕ್ಷರಗಳು; ಎಲ್ಲಿ ಕೂಗಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂಬ ಪರಿಜ್ಞಾನ ಇಟ್ಟವನಿಗೆ ಇರಬೇಕಲ್ಲ. ಅವಳು ದಿನಾ ಆ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದಳು.

ಕೊನೆಗೂ ಅಕ್ಷರಕ್ಕೆ ತಕ್ಕ ಗಿರಾಕಿ ಸಿಕ್ಕಿದ. ವಿಡಿಯೋ ಗೇಮಿನ ಅಂಗಡಿಗಳ ಮಾಲೀಕ. ಅವನಿಗೆ ಬೋರ್ಡಿಗೆ ಅಕ್ಷರ ಬೇಕು, ಸ್ಕೋರ್ ತೋರಿಸಲು ಅಂಕಿ ಬೇಕು. ಗಂಡ ತಣ್ಣಗಾದ. ಹೊದಿಕೆಯಲ್ಲಿ ಅಂಕಿ ಇರಲಿಲ್ಲ. ತಾನೇ ಕೂತು ತಿಣುಕಿದ. ಎಂಟು ಕುಸಿದ ಗೋಡೆಯಾಯಿತು. ಐದು ಯಾವುದು, ಆರು ಯಾವುದು ಎಂದು ಅವನಿಗೇ ಗೊತ್ತಾಗಲಿಲ್ಲ. ಬಾಲ ಮುದುರಿಕೊಂಡು ಮಿಷನ್ ಹತ್ತಿರ ಬಂದ.

"ಅಂಕಿ ಹೊಲಿದುಕೊಡೇ. ನಾಳೆ ಅವರು ಬರ್ತಾರೆ."

"ಕೊಡ್ತೀನಿ. ಅಕ್ಷರ ಯಾರದು ಅಂತ ಅವರ ಮುಂದೆ ಹೇಳಿ, ಆಮೇಲೆ."

"ಆಯ್ತು ತಾಯಿ, ಹೇಳ್ತೀನಿ."

ಅವಳು ಒಂದು ಬಟ್ಟೆ ಪಟ್ಟಿಯ ಮೇಲೆ ಅಂಕಿಗಳನ್ನೆಲ್ಲ ಹೊಲಿದು ಮಿಷನ್ನಿನ ಡ್ರಾಯರಿನಲ್ಲಿಟ್ಟಳು.

ಮರುದಿನ ಮಾಲೀಕ ಬಂದ. ಅವಳು ಟೀ ತಂದಾಗ ಗಂಡ ಎಂದಿನಂತೆ "ಇವಳು ಮನೇಲೇ ಇರ್ತಾಳೆ" ಎಂದ. ಮಾಲೀಕ ಹಾಳೆಯ ಮೇಲಿನ 'ಮ'ಕಾರಕ್ಕೆ ಬೆರಳಿಟ್ಟು, "ಇಲ್ಲೊಂದು ಚೌಕ ಬಿಟ್ಟಿದೀರಲ್ಲ, ಯಾಕೆ?" ಎಂದು ಕೇಳಿದ.

ಗಂಡ ಕಣ್ಣು ಅರೆಮುಚ್ಚಿದ. "ಅದು ಮೌನ ಸರ್. ಅಕ್ಷರ ಉಸಿರಾಡೋಕೆ ಅಂತ ಬಿಟ್ಟ ಕಿಟಕಿ. ತುಂಬಾ ಯೋಚನೆ ಮಾಡಿ ಇಟ್ಟಿದ್ದು."

"ಅಲ್ಲಿ ದಾರ ಮುಗಿದಿತ್ತು" ಎಂದಳು ಅವಳು.

ಮಾಲೀಕ ತಮಾಷೆಯೆಂದು ನಕ್ಕ. ಅವಳು ಒಳಗೆ ಹೋಗಿ ಹೊದಿಕೆ ತಂದು ಟೀ ಕಪ್ಪುಗಳ ಪಕ್ಕ ಹಾಸಿದಳು. ಸುಟ್ಟ ಕಲೆ, ಗಂಜಿಯ ಕರೆ, ಅವುಗಳ ನಡುವೆ ಅ ದಿಂದ ಳ. 'ಮ'ದ ಬಾಲದಲ್ಲಿ ಅದೇ ತೂತು. ಮಾಲೀಕನ ನಗು ನಿಂತಿತು. ಅವನು ಗಂಡನ ಮುಖ ನೋಡಿದ.

"ಹ್ಞಾಂ, ಅದು... ನಾವಿಬ್ಬರೂ ಸೇರಿ ಮಾಡಿದ್ದು" ಎಂದ ಗಂಡ.

ಅಷ್ಟು ಹೊತ್ತು ಅವಳಲ್ಲಿದ್ದದ್ದು ಸಿಟ್ಟು. ಈ ಮಾತು ಕೇಳಿದ ಮೇಲೆ ಹೇಸಿಗೆಯಾಯಿತು.

"ಹಾಗಾದ್ರೆ ಸರಿಹೋಯ್ತು. ಅಕ್ಷರ ನನ್ನ ಪಾಲು, ಅಂಕಿ ನಿಮ್ಮ ಪಾಲು. ಬರೆದುಕೊಡಿ" ಎಂದು ಹೊದಿಕೆ ಮಡಿಚಿಕೊಂಡು ಒಳಗೆ ಹೋಗಿ ಮಿಷನ್ ಮುಂದೆ ಕೂತಳು.

ಹೊರಗೆ ಪೆನ್ಸಿಲ್ ಗೀಚುವುದು, ಉಜ್ಜುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮಾಲೀಕನೇ ಎದ್ದು ಬಾಗಿಲಿಗೆ ಬಂದ. ಅವನ ಹಿಂದೆ ಗಂಡ, ಕೈಯಲ್ಲಿ ಕುಸಿದ ಎಂಟಿನ ಹಾಳೆ.

"ಮೇಡಂ, ಅಂಕಿ ನೀವು ಮಾಡಿಕೊಡ್ತೀರಾ?"

"ನನ್ನನ್ನೇನು ಕೇಳ್ತೀರಾ ಸರ್, ನಾನು ಮನೇಲೇ ಇರೋಳು. ಅವರನ್ನ ಕೇಳಿ."

ಮಾಲೀಕ ತಿರುಗಿದ. ಗಂಡ ನೆಲ ನೋಡುತ್ತ ಗೊಣಗಿದ: "ಅಕ್ಷರ... ಎಲ್ಲಾ ಇವಳೇ ಮಾಡಿದ್ದು ಸರ್."

ಅವಳು ಡ್ರಾಯರಿನ ಹಿಡಿಯ ಮೇಲೆ ಕೈ ಇಟ್ಟು, ತಲೆ ಎತ್ತದೆ ಹೇಳಿದಳು: "ಸ್ವಲ್ಪ ಜೋರಾಗಿ ಹೇಳಿ ರೀ. ಮಿಷನ್ ಸದ್ದಿಗೆ ಕೇಳಿಸ್ತಿಲ್ಲ."

ಮಿಷನ್ ನಿಂತೇ ಇತ್ತು.