ದೇವದುರ್ಗ ಸಂತೆಯಲ್ಲಿ ಎಮ್ಮೆ ಹಿಂಡಿದ್ದು

ನಾನು ರಾಯಚೂರಿನಲ್ಲಿ ಬಿ.ಕಾಂ. ಮೊದಲ ವರ್ಷ ಓದುತ್ತಿದ್ದೇನೆ. ನನಗೊಂದು ಕೆಟ್ಟ ಚಟವಿದೆ, ಗೊತ್ತಾಗದ್ದನ್ನು ಕೇಳದೆ ಇರಲಾರೆ. ಹೋದ ತಿಂಗಳು ಅರ್ಥಶಾಸ್ತ್ರದ ಪೂರ್ಣಶ್ರೀ ಮೇಡಂ ಪರಿಪೂರ್ಣ ಪೈಪೋಟಿಯ ಮಾರುಕಟ್ಟೆ ಎಂದರೇನು ಅಂತ ಪಾಠ ಮಾಡುತ್ತಿದ್ದರು. ಅಲ್ಲಿ ಮಾರುವವರಿಗೂ ಕೊಳ್ಳುವವರಿಗೂ ಎಲ್ಲ ಗೊತ್ತಿರುತ್ತದಂತೆ. ಮಾಲಿನ ಗುಣ ಗೊತ್ತು, ಬೆಲೆ ಗೊತ್ತು, ಯಾರೂ ಯಾರಿಗೂ ಟೋಪಿ ಹಾಕುವಂತಿಲ್ಲ. ನಾನು ಎದ್ದು ನಿಂತೆ.

"ಮೇಡಂ, ಅಂಥಾ ಸಂತಿ ಯಾ ಊರಾಗ ಕೂಡ್ತದ್ರಿ?"

ಕ್ಲಾಸೆಲ್ಲ ನಕ್ಕಿತು. ಮೇಡಂ ಮಾತ್ರ ನಗಲಿಲ್ಲ. "ಪುಸ್ತಕದಾಗ ಕೂಡ್ತದ, ಶಶಿಕಲಾ. ನಿಮ್ಮ ಕಡೆ ಸಂತಿ ಹೆಂಗ ನಡೀತದ ನೋಡಿಕೊಂಡು ಬಾ. ಉತ್ತರ ಬ್ಯಾಡ, ಒಂದು ಚಲೋ ಪ್ರಶ್ನಿ ತಗೊಂಡು ಬಾ."

ಪ್ರಶ್ನೆಗಾಗಿ ನಾನು ದೂರ ಅಲೆಯಬೇಕಾಗಲಿಲ್ಲ. ಅದೇ ವಾರ ಅವ್ವ ಎಮ್ಮೆ ಮಾರಲು ಹೊರಟಿದ್ದಳು.

ನಮ್ಮೂರು ಸಿರವಾರದ ಪಕ್ಕದ ಹಳ್ಳಿ. ಅಪ್ಪ ಮೂಕಪ್ಪ ಭತ್ತದ ಮಿಲ್ಲಿನಲ್ಲಿ ಹಮಾಲಿ. ಅವ್ವ ಗೋಪಮ್ಮ ಕಂಡವರ ಗದ್ದೆಯಲ್ಲಿ ನಾಟಿ, ಕಳೆ ಅಂತ ಬೆನ್ನು ಬಗ್ಗಿಸಿದವಳು. ಆಕೆಯ ಕೈರೊಟ್ಟಿ ತಿಂದವರು ಇನ್ನೊಂದು ಕೇಳದೆ ಏಳುವುದಿಲ್ಲ. ಸಿರವಾರದ ಬಸ್‌ ಸ್ಟ್ಯಾಂಡಿನ ಹತ್ತಿರ ಕಲೀಮುಲ್ಲಾ ಅವರದೊಂದು ಅಂಗಡಿ ಖಾಲಿಯಾದಾಗಿನಿಂದ ಅವ್ವನಿಗೆ ನಿದ್ದೆಯಿಲ್ಲ. ಅಲ್ಲಿ ರೊಟ್ಟಿ ಅಂಗಡಿ ಇಡಬೇಕು, ಇನ್ನು ಯಾರ ಗದ್ದೆಗೂ ಇಳಿಯಬಾರದು ಎಂಬ ಹಟ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವಂತೆ ದೊಡ್ಡ ರೊಟ್ಟಿ ಹಂಚೊಂದನ್ನು ಕೊಂಡು ತಂದು ಮಂಚದ ಕೆಳಗೆ ಇಟ್ಟಿದ್ದಳು. ಆದರೆ ಅದೇ ಅಂಗಡಿಗೆ ಒಬ್ಬ ಮೊಬೈಲ್‌ ರಿಪೇರಿಯವನೂ ಕಣ್ಣು ಹಾಕಿದ್ದ. ಸಂತೆಯ ದಿನ ಸಂಜೆಯವರೆಗೆ ಮಾತ್ರ ಕಾಯುತ್ತೇನೆ ಎಂದು ಕಲೀಮುಲ್ಲಾ ಹೇಳಿಬಿಟ್ಟಿದ್ದರು. ಅಡ್ವಾನ್ಸು, ಗ್ಯಾಸು, ಪಾತ್ರೆ ಎಲ್ಲ ಸೇರಿ ಐವತ್ತೈದು ಸಾವಿರ ಬೇಕು. ಎಮ್ಮೆ ಅದಕ್ಕಿಂತ ಕಡಿಮೆಗೆ ಹೋದರೆ ಅಂಗಡಿ ಇಲ್ಲ.

ಅಪ್ಪನಿಗೆ ಆ ದಿನ ಮಿಲ್ಲಿನಲ್ಲಿ ಲೋಡು. ಹಾಗಾಗಿ ಎಮ್ಮೆಯನ್ನೂ ಕರುವನ್ನೂ ಟೆಂಪೋದಲ್ಲಿ ಹೇರಿಕೊಂಡು ನಾವಿಬ್ಬರೇ ದೇವದುರ್ಗಕ್ಕೆ ಹೋದೆವು. ಬೆಳಿಗ್ಗೆ ಅವ್ವ ಹಾಲು ಹಿಂಡಿರಲಿಲ್ಲ. ದನದ ಸಂತೆಗೆ ಹೋಗುವ ಹೈನಿನ ಎಮ್ಮೆಯನ್ನು ಯಾರೂ ಹಿಂಡಿ ತರುವುದಿಲ್ಲ, ಕೆಚ್ಚಲು ಬಿಗಿದು ತುಂಬಿ ಕಂಡರೇ ಗಿರಾಕಿ ನಿಲ್ಲುವುದು. ಇನ್ನೊಂದು ಮಾತನ್ನು ಅವ್ವ ದಾರಿಯಲ್ಲೇ ನನ್ನ ಕಿವಿಯಲ್ಲಿ ಹಾಕಿದ್ದಳು. ಎಮ್ಮೆಯ ಹಿಂದಿನ ಎಡಮೊಲೆ ಅರ್ಧ ಬತ್ತಿದೆ. ಅದರಲ್ಲಿ ಹಾಲು ದಾರದಂತೆ ಸಣ್ಣಗೆ ಬರುತ್ತದೆ.

"ಬಾಯಿ ಬಿಟ್ಟರ ಬಣ್ಣಗೇಡು. ಇವತ್ತೊಂದಿನ ಸುಮ್ನಿರು ಬೇ" ಎಂದಳು.

ದಲಾಲಿ ಹನುಮಂತಪ್ಪ ಹೆಗಲ ಮೇಲೆ ಟವೆಲ್‌ ಹಾಕಿಕೊಂಡು ನಗುತ್ತ ಬಂದ. ಸಂತೆಯ ತುಂಬ ಟವೆಲ್ಲುಗಳದೇ ಆಟ. ಇಬ್ಬರು ಗಂಡಸರು ಕೈಕುಲುಕಿದಂತೆ ಕೈ ಹಿಡಿಯುತ್ತಾರೆ, ಮೇಲೆ ಟವೆಲ್‌ ಮುಚ್ಚುತ್ತಾರೆ, ಒಳಗೆ ಬೆರಳು ಹಿಡಿದು ರೇಟು ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಹತ್ತು ಸಾವಿರ, ಗೆಣ್ಣು ಒತ್ತಿದರೆ ಒಂದು ಸಾವಿರ. ಮುಖ ನೋಡಿದರೆ ಇಬ್ಬರೂ ಮಳೆಯ ವಿಚಾರ ಮಾತಾಡುತ್ತಿರುವಂತೆ ಕಾಣುತ್ತದೆ. ನನಗೆ ತಡೆಯಲಿಲ್ಲ.

"ಕಾಕಾ, ರೇಟಿಗೆ ಯಾಕ್ರಿ ಟವೆಲ್‌ ಮುಚ್ಚೋದು?"

"ದೃಷ್ಟಿ ಆಗ್ತದ ಯವ್ವಾ" ಎಂದ.

ಪಕ್ಕದ ಎತ್ತಿನವನನ್ನು ಕೇಳಿದರೆ, "ನಾ ಕಡಿಮಿಗಿ ಕೊಟ್ಟದ್ದು ಮಂದಿಗಿ ಗೊತ್ತಾದ್ರ ಮುಂದಿನ ಸಂತ್ಯಾಗ ನನಗ ಯಾರು ಹೆಚ್ಚಿಗಿ ಕೊಡ್ತಾರ?" ಎಂದ. ಇನ್ನೊಬ್ಬ ಮುದುಕ, ಮೊದಲಿನಿಂದ ಹಾಗೇ ಇದೆ ಎಂದು ಬೀಡಿ ಹಚ್ಚಿದ. ಮೂರು ಜನ, ಮೂರು ಉತ್ತರ, ನನ್ನ ಪ್ರಶ್ನೆ ಮಾತ್ರ ಇದ್ದಲ್ಲೇ ಇತ್ತು. ಟವೆಲ್ಲು ಯಾರಿಂದ ಏನನ್ನು ಮುಚ್ಚುತ್ತಿದೆ?

ಅವ್ವನ ಕೈ ಆ ಟವೆಲ್ಲಿನ ಕೆಳಗೆ ಯಾವತ್ತೂ ಹೋದದ್ದಲ್ಲ. ಹೆಂಗಸರ ಕೈ ಹಿಡಿದು ವ್ಯಾಪಾರ ಮಾಡುವ ರೂಢಿ ಇಲ್ಲ. ದಲಾಲಿ ಹೋಗಿ ಗಿರಾಕಿಯ ಹತ್ತಿರ ಮಾತಾಡಿ ಬಂದು ಬಾಯಲ್ಲಿ ಹೇಳುತ್ತಾನೆ, ಹೇಳಿದಷ್ಟೇ ರೇಟು. ಹನುಮಂತಪ್ಪ ಬೇವಿನ ಮರದ ಕಡೆ ಹೋಗಿ ಬಂದು ಹೇಳಿದ: "ಗೋಪಮ್ಮ, ಮಾನ್ವಿ ಪಾರ್ಟಿ. ಐವತ್ತೆರಡಕ್ಕ ನಿಂತಾರ. ಅದರ ಮ್ಯಾಲ ಒಂದು ಪೈಸೆ ಏಳಂಗಿಲ್ಲ ಅಂತಾರ."

ಅವ್ವನ ಮುಖ ಸಣ್ಣದಾಯಿತು. "ಹನುಮಂತಣ್ಣ, ಐವತ್ತೈದರ ಮಾಡೋ ಯಪ್ಪಾ" ಎಂದಳು. ಅವನು ಇನ್ನೊಮ್ಮೆ ನೋಡುತ್ತೇನೆ ಎಂದು ಚಹಾ ಕುಡಿಯಲು ಹೋದ.

ನಾನು ಸುಮ್ಮನೆ ಬೇವಿನ ಮರದ ಕಡೆ ನಡೆದೆ. ಮಾನ್ವಿ ಪಾರ್ಟಿ ಎಂದರೆ ಗಂಡಸು ಅಂದುಕೊಂಡಿದ್ದೆ, ಅಲ್ಲಿ ಕೂತಿದ್ದವಳು ಮಹಬೂಬೀ ಎಂಬ ಹೆಂಗಸು. ಮಾನ್ವಿಯ ಹೋಟೆಲುಗಳಿಗೆ ಹಾಲು ಹಾಕುವವಳಂತೆ. ಕಾಲೇಜಿನಿಂದ ಸಂತೆ ನೋಡಲು ಬಂದಿದ್ದೇನೆ ಎಂದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

"ಅಕ್ಕಾರ, ಆ ಎಮ್ಮಿಗಿ ದಲಾಲಿ ಎಷ್ಟು ಹೇಳ್ಯಾನ್ರಿ?"

"ಅರವತ್ತೆರಡರ ಕೆಳಗ ಕೊಡಂಗಿಲ್ಲಂತ ನೋಡವ್ವ ಎಮ್ಮಿಯಾಕಿ. ಭಾಳ ಬಿಗಿ ಅದಾಳಂತ. ನಾನೂ ಹೂಂ ಅಂದೀನಿ."

ಈ ಕಡೆ ಐವತ್ತೆರಡು, ಆ ಕಡೆ ಅರವತ್ತೆರಡು, ನಡುವಿನ ಹತ್ತು ಸಾವಿರ ದಲಾಲಿಯ ಜೇಬಿಗೆ. ಟವೆಲ್ಲೇ ಇಲ್ಲದ ಕಡೆ ಹನುಮಂತಪ್ಪ ಎಷ್ಟು ಚೆನ್ನಾಗಿ ಮುಚ್ಚಿದ್ದ! ಓಡಿಹೋಗಿ ಅವ್ವನಿಗೆ ಹೇಳಿದರೆ ಸಾಕು, ಅಂಗಡಿ ನಮ್ಮದು. ತಿರುಗಿದೆ. ಅಷ್ಟರಲ್ಲಿ ಮಹಬೂಬೀ ನನ್ನ ಕೈ ಹಿಡಿದಳು.

"ನೀ ಓದಿದಾಕಿ, ಯಾರ ಕಡೀದಾಕೀನೂ ಅಲ್ಲ. ಖರೇ ಹೇಳು, ಆ ಎಮ್ಮಿ ಹೆಂಗ ಕಾಣ್ತದ? ಇದ್ದ ರೊಕ್ಕೆಲ್ಲಾ ಹಾಕಾಕತ್ತೀನಿ."

ಇಂಥ ಪ್ರಶ್ನೆ ಪುಸ್ತಕದಲ್ಲಿ ಬಂದಿದ್ದರೆ ಎರಡು ಪುಟ ಬರೆಯುತ್ತಿದ್ದೆ. ಇಲ್ಲಿ ಒಂದು ಕಡೆ ಆಕೆಯ ರೊಕ್ಕ, ಇನ್ನೊಂದು ಕಡೆ ಅವ್ವನ ಅಂಗಡಿ. ದಲಾಲಿ ನಮ್ಮಿಂದ ಮುಚ್ಚಿದ್ದಕ್ಕೆ ಸಿಟ್ಟು ಬಂದಿತ್ತು. ನಾನು ಈಕೆಯಿಂದ ಮುಚ್ಚುತ್ತಿರುವುದು ಏನು ಮತ್ತೆ?

"ಅದು ನಮ್ಮ ಎಮ್ಮಿ ರೀ" ಎಂದೆ. "ಆಕಿ ನಮ್ಮವ್ವ. ಹಿಂದಿನ ಎಡಮೊಲಿ ಅರ್ಧ ಬತ್ತ್ಯದ. ಉಳಿದ ಮೂರು ಚಲೋ ಅದಾವ."

ನಿಜ ಹೇಳಿದರೆ ಆಕೆ ಮೆಚ್ಚಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಆಕೆ ಕೈ ಬಿಟ್ಟು ಎದ್ದೇಬಿಟ್ಟಳು. "ಯಾ ಅಲ್ಲಾ! ತಾವಾಗೇ ಒಂದು ಐಬು ಹೇಳ್ತಾರಂದ್ರ, ಒಳಗ ಎಷ್ಟು ಮುಚ್ಯಾರೋ! ಇಷ್ಟು ವರ್ಷ ಸಂತಿ ಮಾಡೀನಿ, ಹಿಂಗ ಹೇಳಿದವರನ್ನ ಒಬ್ಬರನ್ನೂ ನೋಡಿಲ್ಲ."

ಸುದ್ದಿ ನನಗಿಂತ ಮುಂಚೆ ಅವ್ವನನ್ನು ಮುಟ್ಟಿತು. ಅವ್ವ ನನ್ನನ್ನು ನೋಡಿದ ನೋಟ ಹೊಡೆತಕ್ಕಿಂತ ಜೋರಾಗಿತ್ತು. "ಓದಿಸಿದ್ದಕ್ಕ ಚಲೋ ಮಾಡಿದಿ" ಎಂದಳು, ಅಷ್ಟೇ. ಹನುಮಂತಪ್ಪ ಚಹಾದ ಕಪ್ಪು ಬಿಸಾಕಿ ಓಡಿಬಂದ. "ಕಾಕಾ, ಆಕಿಗಿ ಅರವತ್ತೆರಡು ಅಂದೀರಂತಲ್ರಿ?" ಎಂದು ನಾನು ಎಲ್ಲರೆದುರು ಕೇಳಿದೆ. ಅವನು ಆಕಾಶ ನೋಡಿದ.

ಅಷ್ಟರಲ್ಲಿ ಅವ್ವ ಹೋಗುತ್ತಿದ್ದ ಮಹಬೂಬೀಯನ್ನು ಕೂಗಿದಳು. "ಅಕ್ಕಾ, ನಿಂದ್ರು. ಹಿಂಡಿ ತೋರಿಸ್ತೀನಿ."

ಹನುಮಂತಪ್ಪ ತಲೆ ಮೇಲೆ ಕೈ ಇಟ್ಟುಕೊಂಡ. "ಹುಚ್ಚಿ ಏನು ಗೋಪಮ್ಮ! ಹಿಂಡಿದ ಮ್ಯಾಲ ಈಕಿ ಬ್ಯಾಡಂದ್ರ, ಜೋತುಬಿದ್ದ ಕೆಚ್ಚಲ ಯಾವನು ನೋಡ್ತಾನ?" ಅವನು ಹೇಳಿದ್ದು ನಿಜ. ಹಿಂಡಿದರೆ ಇನ್ಯಾರಿಗೂ ಮಾರಲಾಗುವುದಿಲ್ಲ, ಸಂಜೆಗೆ ಅಂಗಡಿಯೂ ಹೋಯಿತು. ಜನ, ಗದ್ದಲ, ಹೊಸ ಜಾಗ. ಎಮ್ಮೆ ಹಾಲು ಇಳಿಸದೇ ಹೋದರೂ ಕತೆ ಮುಗಿಯಿತು.

ಅವ್ವ ಕರು ಬಿಟ್ಟಳು. ಯಾರದೋ ಚಹಾದಂಗಡಿಯ ಪಾತ್ರೆ ಇಸಿದುಕೊಂಡು ಕುಕ್ಕರಗಾಲಲ್ಲಿ ಕೂತಳು. ಎಮ್ಮೆ ಕಿವಿ ಅಲ್ಲಾಡಿಸುತ್ತ ಕಾಲು ಎತ್ತಿಟ್ಟಿತು. ಅವ್ವ ಅದರ ಹೊಟ್ಟೆಗೆ ಹಣೆ ಹಚ್ಚಿ ಮನೆಯಲ್ಲಿ ಮಾತಾಡುವಂತೆಯೇ ಅದನ್ನು ಬೈಯತೊಡಗಿದಳು. "ಸುಮ್ನ ನಿಂದ್ರ ಬೇ, ಇಲ್ಲೆ ಮಾನ ಕಳೀಬ್ಯಾಡ." ಪಾತ್ರೆಗೆ ಹಾಲಿನ ಮೊದಲ ಸದ್ದು ಬಿತ್ತು. ಮೂರು ಮೊಲೆಗಳಲ್ಲಿ ಹಾಲು ಧಾರೆಯಾಗಿ ಬಂತು. ನಾಲ್ಕನೆಯದು ಸಣ್ಣ ದಾರ, ನಾನು ಹೇಳಿದಷ್ಟೇ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಮಹಬೂಬೀ ಪಾತ್ರೆ ನೋಡಿದಳು, ಒಂದು ಬೊಗಸೆ ಕುಡಿದಳು. ಆಮೇಲೆ ಬಲಗೈ ಚಾಚಿ, "ಕೈ ಕೊಡು" ಎಂದಳು. ಅವ್ವ ಹಾಲಿನ ಕೈ ಒರೆಸಿಕೊಂಡು ಕೊಟ್ಟಳು. ಮಹಬೂಬೀ ತನ್ನ ಸೆರಗನ್ನೇ ಎರಡೂ ಕೈಗಳ ಮೇಲೆ ಹೊದಿಸಿದಳು. ಸಂತೆಯಲ್ಲಿ ಯಾರೋ ಸಿಳ್ಳೆ ಹಾಕಿದರು. ಇಬ್ಬರೂ ಗುದ್ದಾಡಿದಂತೆ ಸೆರಗು ಅತ್ತಿತ್ತ ಅಲ್ಲಾಡಿತು. ಅವ್ವ ಒಮ್ಮೆ ತಲೆ ಅಲ್ಲಾಡಿಸಿದಳು, ಇನ್ನೊಮ್ಮೆ ಹಲ್ಲು ಕಚ್ಚಿದಳು. ಕೊನೆಗೆ ಅವ್ವ ಸೆರಗು ಸರಿಸಿ ತಾನೇ ಗಟ್ಟಿಯಾಗಿ ಕೂಗಿದಳು, "ಐವತ್ತೇಳು!"

ಐಬಿಗೆ ಐದು ಸಾವಿರ ಹೋಯಿತು. ಆದರೂ ಮುಚ್ಚಿಕೊಂಡು ಸಿಗುತ್ತಿದ್ದದ್ದಕ್ಕಿಂತ ಹೆಚ್ಚೇ ಬಂತು. ಹನುಮಂತಪ್ಪನಿಗೆ ಇಬ್ಬರೂ ಐನೂರೈನೂರು ಎಲ್ಲರಿಗೂ ಕಾಣುವಂತೆ ಕೊಟ್ಟರು. "ನಾ ಇಲ್ಲಂದ್ರ ನಿಮ್ಮಿಬ್ಬರನ್ನ ಯಾರು ಕೂಡಿಸ್ತಿದ್ರು?" ಎಂದು ಗೊಣಗಿದ. ಅದೂ ನಿಜವೇ, ಅವನು ಹೋಗಿ ಬಂದ ಮರದ ಕೆಳಗೇ ಅಲ್ಲವೇ ನಾನು ಹೋದದ್ದು? ಹಾಗಾದರೆ ಆ ಕೆಲಸಕ್ಕೆ ಸರಿಯಾದ ಕೂಲಿ ಎಷ್ಟು? ಮೇಡಂಗೆ ಒಯ್ಯಲು ನನಗೆ ಒಂದಲ್ಲ, ಮೂಟೆ ಪ್ರಶ್ನೆಗಳಾದವು.

ಮಹಬೂಬೀ ಹಗ್ಗ ಹಿಡಿದು ಹೊರಟಾಗ ತಿರುಗಿ ಹೇಳಿದಳು: "ಹಾಲು ಕಡಿಮಿ ಆತಂದ್ರ ಸಿರವಾರಕ್ಕ ಬಂದು ಜಗಳಾ ತೆಗೀತೀನಿ ನೋಡು."

"ಬಾರವ್ವ. ಬಸ್‌ ಸ್ಟ್ಯಾಂಡಿನಾಗ ಗೋಪಮ್ಮನ ಅಂಗಡಿ ಎಲ್ಲೈತಿ ಅಂತ ಕೇಳು. ಮೊದಲು ಬಿಸಿ ರೊಟ್ಟಿ ತಿನ್ನು, ಆಮ್ಯಾಲ ಜಗಳಾಡು" ಎಂದಳು ಅವ್ವ.

ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆರಗಾಗಿ ನಿಂತಳು. ಇಷ್ಟು ದಿನ ಅವ್ವನನ್ನು ಮೂಕಪ್ಪನ ಹೆಂಡತಿ ಎನ್ನುತ್ತಿದ್ದರು, ಇಲ್ಲವೇ ಕೂಲಿಯವಳು ಎನ್ನುತ್ತಿದ್ದರು. ನನಗೆ ಅಳು ಬಂದುಬಿಟ್ಟಿತು. ಅವ್ವ ನನ್ನ ಕಡೆ ನೋಡದೆ ಫೋನು ಚಾಚಿದಳು.

"ಕಲೀಮುಲ್ಲಾ ಸಾಹುಕಾರರಿಗೆ ಹಚ್ಚು. ಕೀಲಿ ಯಾರಿಗೂ ಕೊಡಬ್ಯಾಡ್ರಿ ಅನ್ನು. ಗೋಪಮ್ಮ ಬರಾಕತ್ತಾಳ ಅನ್ನು."