ಒದ್ದರೆ ತೆರೆಯುವ ಬಾಗಿಲು

ನಾವೀನ್ಯತೆ ಮತ್ತು ಉದ್ಯಮಶೀಲತೆಯ ಪ್ರಾಜೆಕ್ಟ್ ಕ್ಲಾಸು ನಡೆಯುತ್ತಿದ್ದ ಕೋಣೆಯ ಬಾಗಿಲು ನೆಲಕ್ಕೆ ಕಚ್ಚಿಕೊಂಡು, ಒದ್ದರೆ ಮಾತ್ರ ತೆರೆಯುತ್ತಿತ್ತು. ಮೇಷ್ಟ್ರು ದಿನವೂ ಅದನ್ನು ಬಲವಾಗಿ ಒದ್ದು ಒಳಗೆ ಬಂದು, "ಕಣ್ಬಿಟ್ಟು ನೋಡ್ರಪ್ಪಾ, ಸುತ್ತಮುತ್ತ ಏನು ಸಮಸ್ಯೆ ಇದೆ ಅಂತ ಹುಡುಕಿ. ಅಲ್ಲೇ ಇರೋದು ಉದ್ಯಮ" ಎನ್ನುತ್ತಿದ್ದರು. ನಾವೂ ಒದ್ದೇ ಒಳಗೆ ಬಂದು ಕೂತವರು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆವು. ಒಂದು ತಂಡ ನಾಯಿಯ ಮನಸ್ಸು ಅಳೆಯುವ ಕೊರಳಪಟ್ಟಿ ಮಾಡಿತು. ಇನ್ನೊಂದು ತಂಡ ನೀರು ಕುಡಿಯಲು ನೆನಪಿಸುವ ಲೋಟ ಮಾಡಿತು, ಬಾಯಾರಿಕೆ ಎಂಬುದು ಇನ್ನೂ ಹುಟ್ಟೇ ಇಲ್ಲವೇನೋ ಎಂಬಂತೆ. ಎರಡಕ್ಕೂ ಮೇಷ್ಟ್ರು ಚಪ್ಪಾಳೆ ತಟ್ಟಿದರು.

ನಮ್ಮ ತಂಡಕ್ಕೆ ಏನೂ ಹೊಳೆಯಲಿಲ್ಲ. ಪ್ರದರ್ಶನದ ಹಿಂದಿನ ಸಂಜೆ, ಒದ್ದೂ ಒದ್ದೂ ಕಾಲು ನೋಯಿಸಿಕೊಂಡಿದ್ದ ನಮ್ಮ ತಂಡದ ದಪ್ಪ ಕನ್ನಡಕದ ಹುಡುಗಿ ಸೋಡಾಬುಡ್ಡಿ, ಮನೆಯಿಂದ ಸ್ಕ್ರೂಡ್ರೈವರ್ ತಂದು, ಬಾಗಿಲಿನ ಸಡಿಲ ಕೀಲನ್ನು ಬಿಗಿ ಮಾಡಿದಳು. ಬಾಗಿಲು ಬೆರಳು ತಾಕಿದರೆ ಸಾಕು, ತೆರೆಯತೊಡಗಿತು. "ಇದೇ ನಮ್ಮ ಪ್ರಾಜೆಕ್ಟ್ ಕಣ್ರೋ" ಎಂದಳು.

ಮರುದಿನ ಮೇಷ್ಟ್ರು ಎಂದಿನಂತೆ ಒದ್ದರು. ಒದ್ದ ರಭಸಕ್ಕೆ ಸೀದಾ ಒಳಗೆ ಬಂದು ಮೊದಲ ಬೆಂಚಿನ ಮೇಲೆ ಬಿದ್ದರು. ಎದ್ದು, ಕೋಟು ಕೊಡವಿಕೊಂಡು, ನಮ್ಮತ್ತ ಕೆಕ್ಕರಿಸಿ ನೋಡಿ ಕಿರುಚಿದರು:

"ಯಾರ್ರೋ ಅದು, ಬಾಗ್ಲು ಕೆಡಿಸಿದ್ದು?"