ಶ್ರೀಯುತ ಗುರುಲಿಂಗಪ್ಪನವರು ಕಾಣೆಯಾಗಿದ್ದಾರೆ

ಸೇಡಂ ಪೇಟೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಆದರೆ ಯಾರೂ ಕಣ್ಣಾರೆ ನೋಡದಿದ್ದ ಒಬ್ಬ ಮನುಷ್ಯನಿದ್ದ. ಅವನಿಗೆ ಹೆಸರಿರಲಿಲ್ಲ, ಬರೀ ದನಿ ಇತ್ತು. ಸಿದ್ಧಲಿಂಗನ ಪ್ರಚಾರದ ಆಟೊದ ನೆತ್ತಿಯ ಮೇಲಿದ್ದ ಭೋಂಗಾ ಸ್ಪೀಕರುಗಳಿಂದ ಆ ದನಿ "ಮಾನ್ಯ ಗ್ರಾಹಕ ಬಾಂಧವರೇ" ಎಂದು ಶುರುವಾದರೆ ಚಹಾದಂಗಡಿಯಲ್ಲಿ ಕೂತವರು ಬಸಿ ಕೆಳಗಿಟ್ಟು ಕಿವಿ ಕೊಡುತ್ತಿದ್ದರು. ಸೀರೆಯ ರಿಯಾಯಿತಿ ಇರಲಿ, ಹಲ್ಲಿನ ದವಾಖಾನೆಯ ಉದ್ಘಾಟನೆ ಇರಲಿ, ಎಲ್ಲವೂ ಆ ಬಾಯಲ್ಲಿ ಮದುವೆಯ ಕರೆಯೋಲೆಯಾಗುತ್ತಿತ್ತು. "ಬೆಂಗಳೂರ ಮಂದಿ ಮಾತಾಡೋದೇ ಬ್ಯಾರೆ ಬಿಡ್ರಿ" ಎಂದು ಜನ ತಲೆದೂಗುತ್ತಿದ್ದರು. ಆ ಮನುಷ್ಯ ಸೂಟು ಹಾಕುತ್ತಾನೆ, ಜೇನುತುಪ್ಪ ನೆಕ್ಕಿಯೇ ಮೈಕಿನ ಮುಂದೆ ಕೂರುತ್ತಾನೆ ಎಂದೂ ಪೇಟೆ ತೀರ್ಮಾನಿಸಿಬಿಟ್ಟಿತ್ತು.

ಆ ದನಿ ಸಿದ್ಧಲಿಂಗನದೇ. ಸೂಟೂ ಇಲ್ಲ, ಜೇನೂ ಇಲ್ಲ. ಮನೆಯ ಒಳಕೋಣೆಯಲ್ಲಿ ತಲೆಯ ಮೇಲೆ ಕೌದಿ ಹೊದ್ದುಕೊಂಡು, ಬನಿಯನ್ ತೊಯ್ಯುವಷ್ಟು ಬೆವರುತ್ತ ಮೊಬೈಲಿನಲ್ಲಿ ರೆಕಾರ್ಡು ಮಾಡುತ್ತಿದ್ದ. ಅಷ್ಟು ಹೊತ್ತೂ ಹೆಂಡತಿ ಬಸವೇಶ್ವರಿ ಕುಕ್ಕರು ಸೀಟಿ ಹೊಡೆಯದಂತೆ ಕಾವಲು ಕೂರಬೇಕಿತ್ತು. "ಕೌದಿ ಒಳಗ ಹೋಗೂತನ ನನ್ನ ಗಂಡ, ಒಳಗ ಹೋದ ಮ್ಯಾಲ ಯಾರೋ ಪರದೇಶಿ" ಎಂದು ಅವಳು ನಗುತ್ತಿದ್ದಳು.

ಮೊದಲೆಲ್ಲ ಅವನೂ ಮೈಕು ಹಿಡಿದು ತನಗೆ ಬಂದಂತೆ ಕೂಗಿಕೊಂಡು ಹೋಗುತ್ತಿದ್ದ. ಒಂದು ದಿನ ಬಟ್ಟೆ ಅಂಗಡಿಯ ಶೌಕತ ಅಲಿ ಆಟೊ ನಿಲ್ಲಿಸಿದ. "ಏ ಸಿದ್ಧಲಿಂಗ, ನೀ ಕೂಗಿದ್ರ ಸೀರಿ ಮಾರಾಕತ್ತಂಗ ಕೇಳ್ಸಂಗಿಲ್ಲ, ಎಮ್ಮಿ ಕಳಕೊಂಡಂಗ ಕೇಳಸ್ತದ. ಸ್ವಲ್ಪ ಸ್ಟ್ಯಾಂಡರ್ಡ್ ಇರ್ಬೇಕಪ್ಪಾ. ಬೆಂಗಳೂರ ದನಿ ತರ್ಸು" ಎಂದ. ಶೌಕತ ಅಲಿ ಹುಟ್ಟಿದ್ದು ಸೇಡಂನಲ್ಲಿ, ಅವನ ಗಿರಾಕಿಗಳೆಲ್ಲ ಸುತ್ತಲ ಹಳ್ಳಿಯವರು. ಬೆಂಗಳೂರಿನಿಂದ ರೈಲು ಹತ್ತಿ ಸೇಡಂಗೆ ಸೀರೆ ಕೊಳ್ಳಲು ಬಂದವರನ್ನು ಇಂದಿನವರೆಗೆ ಯಾರೂ ಕಂಡಿಲ್ಲ. ಆದರೆ ಗಿರಾಕಿಗಿಂತ ಮೊದಲು ಮಾಲಕನಿಗೆ ಹಿಡಿಸಬೇಕಲ್ಲ!

ಸಿದ್ಧಲಿಂಗ ಸೇಡು ತೀರಿಸಿಕೊಳ್ಳಲೆಂದೇ ಟಿವಿ ವಾರ್ತೆಯ ಮುಂದೆ ಕೂತು ನಾಲಿಗೆ ತಿದ್ದಿಕೊಂಡ. ಕನ್ನಡಿಯ ಮುಂದೆ ನಿಂತು ‘ಆಗಮಿಸಿ’, ‘ಸದುಪಯೋಗ ಪಡೆದುಕೊಳ್ಳಿ’ ಎಂದು ಗಿಣಿಪಾಠ ಒಪ್ಪಿಸಿದ. ಒಂದು ದಿನ ಪೆನ್‌ಡ್ರೈವ್ ತಂದು, "ತಗೋರಿ ಸೇಠ್, ಬೆಂಗಳೂರಿಂದ ಬಂದದ" ಎಂದ. ಶೌಕತ ಅಲಿ ಕಣ್ಣು ಮುಚ್ಚಿ ಕೇಳಿದ, ಎರಡನೆಯ ಸಲ ಕೇಳಿದ, ಚೌಕಾಸಿ ಮಾಡದೆ ದುಡ್ಡು ಕೊಟ್ಟ. ಅಂದಿನಿಂದ ಸಿದ್ಧಲಿಂಗನ ಹೊಟ್ಟೆಪಾಡು ಆ ಸುಳ್ಳಿನ ಮೇಲೆಯೇ ನಡೆದಿತ್ತು. ಜನರ ಎದುರು ಅವನು ಆಟೊ ಓಡಿಸುವವನು ಮಾತ್ರ; ಮೈಕು ಮುಟ್ಟುವುದನ್ನೇ ಬಿಟ್ಟಿದ್ದ.

ಹೀಗಿರುವಾಗ ಮುಧೋಳದಿಂದ ಅವನ ತಂದೆ ಗುರುಲಿಂಗಪ್ಪ ಕಣ್ಣಿನ ಆಪರೇಷನ್ನಿಗೆ ಬಂದ. ಊರಲ್ಲಿ ಹಿರಿಮಗನ ಜೊತೆ ತೊಗರಿ ಹೊಲ ನೋಡಿಕೊಂಡು, ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಮಾತಾಡಿಸಿಕೊಂಡು ಇದ್ದ ಮುದುಕ. ಪೇಟೆಯಲ್ಲಿ ಪುಕ್ಕಟೆ ಶಿಬಿರ ನಡೆದಿತ್ತು. ಎಡಗಣ್ಣಿನ ಪೊರೆ ತೆಗೆದು ಹಸಿರು ಪಟ್ಟಿ ಕಟ್ಟಿ ಕಳಿಸಿದರು. "ಧೂಳು ತಾಗಬಾರದು, ಹೊತ್ತು ಹೊತ್ತಿಗೆ ಡ್ರಾಪ್ಸ್ ತಪ್ಪಬಾರದು. ಕೀವಾದರೆ ಕಣ್ಣೇ ಹೋಗುತ್ತದೆ" ಎಂದು ಡಾಕ್ಟರು ಸಿದ್ಧಲಿಂಗನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಬಲಗಣ್ಣು ಎಂದೋ ಮಬ್ಬಾಗಿತ್ತು. ಇನ್ನು ಮುದುಕ ಲೋಕ ನೋಡುವುದಿದ್ದರೆ ಈ ಎಡಗಣ್ಣಿನಲ್ಲಿಯೇ.

ಮರುದಿನ ಮಧ್ಯಾಹ್ನ ಬಸವೇಶ್ವರಿ ಡ್ರಾಪ್ಸ್ ಹಿಡಿದು ಜಗಲಿಗೆ ಬಂದರೆ ಮಂಚ ಖಾಲಿ.

"ಇಲ್ಲೇ ಎಲ್ಯಾರ ಸುಪಾರಿ ತರ್ಲಿಕ್ಕ ಹೋಗಿರ್ಬೇಕು" ಎಂದು ಸಿದ್ಧಲಿಂಗ ಮೊದಲು ಸಮಾಧಾನ ಹೇಳಿದ. ಓಣಿ ತಿರುಗಿ ಬಂದ, ಕಿರಾಣಿ ಅಂಗಡಿ ನೋಡಿದ, ಗುಡಿಯ ಕಟ್ಟೆ ನೋಡಿದ. ಮುದುಕನ ಸುಳಿವಿಲ್ಲ. ಹೆದ್ದಾರಿಯಲ್ಲಿ ಸಿಮೆಂಟಿನ ಲಾರಿಗಳು ಒಂದರ ಹಿಂದೊಂದು ಬೂದಿಯಂಥ ಧೂಳೆಬ್ಬಿಸುತ್ತ ಹೋಗುತ್ತಿದ್ದವು. ಆ ಕಡೆ ರೈಲು ಹಳಿ. ಅಪ್ಪನಿಗೆ ಒಂದು ಕಣ್ಣು ಮಬ್ಬು, ಒಂದು ಕಣ್ಣು ಪಟ್ಟಿಯೊಳಗೆ.

ಸುದ್ದಿ ಕೇಳಿ ಶೌಕತ ಅಲಿ ಅಂಗಡಿ ಬಿಟ್ಟು ಓಡಿ ಬಂದ. ಒಳ್ಳೆಯ ಮನುಷ್ಯ, ಆದರೆ ಅವನ ಉಪಾಯ ಕೇಳಿ. "ಜಲ್ದಿ ಬೆಂಗಳೂರ ಸಾಹೇಬ್ರಿಗಿ ಫೋನ್ ಹಚ್ಚು. ಒಂದ ರೆಕಾರ್ಡ್ ಮಾಡಿ ಕಳಸ್ಲಿ. ಅವರ ದನಿಗಿ ಇಡೀ ಪ್ಯಾಟಿ ಮರ್ಯಾದಿ ಕೊಡ್ತದ."

ಬಸವೇಶ್ವರಿ ಗಂಡನನ್ನು ಒಳಗೆಳೆದುಕೊಂಡು ಹೋದಳು. "ಏನ್ ಹುಚ್ಚ ಅದು? ಮೈಕ್ ಹಿಡ್ದು ನೀವೇ ಒದರ್ರಿ. ನಿಮ್ಮಪ್ಪ ಅಲ್ಲೇನು?"

"ನಾ ಒದರಿದ್ರ ಯಾರ್ ಕೇಳ್ತಾರ? ಎಮ್ಮಿ ಕಳದದ ಅಂತಾರ." ಶೌಕತ ಅಲಿಯ ಆ ಮಾತು ಇಷ್ಟು ವರ್ಷವಾದರೂ ಅವನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು.

ಅವನು ಕೌದಿಯೊಳಗೆ ಹೊಕ್ಕ. ಅಪ್ಪ ಕಳೆದಿದ್ದಾನೆ, ಆದರೂ ಕೌದಿ ಹೊದ್ದ ಕೂಡಲೇ ನಾಲಿಗೆ ತನ್ನಷ್ಟಕ್ಕೆ ಸೂಟು ಹಾಕಿಕೊಂಡಿತು. "ಸಾರ್ವಜನಿಕರಲ್ಲಿ ಒಂದು ಕಳಕಳಿಯ ಮನವಿ. ಮುಧೋಳ ಗ್ರಾಮದ ಗೌರವಾನ್ವಿತ ಹಿರಿಯರಾದ ಶ್ರೀಯುತ ಗುರುಲಿಂಗಪ್ಪನವರು ಇಂದು ಮಧ್ಯಾಹ್ನದಿಂದ ಕಾಣೆಯಾಗಿದ್ದಾರೆ. ಶ್ವೇತವಸ್ತ್ರಧಾರಿಗಳಾದ ಇವರು ಎಡಗಣ್ಣಿಗೆ ಹಸಿರು ಪಟ್ಟಿಯನ್ನು ಧರಿಸಿರುತ್ತಾರೆ. ಇವರ ಸುಳಿವು ದೊರೆತವರು ದಯಮಾಡಿ ಈ ವಾಹನವನ್ನು ಸಂಪರ್ಕಿಸಬೇಕಾಗಿ ವಿನಂತಿ."

ಆಟೊ ಪೇಟೆಗೆ ಇಳಿಯಿತು. ಶೌಕತ ಅಲಿ ಹೇಳಿದ್ದು ಸುಳ್ಳಲ್ಲ, ಜನ ಮರ್ಯಾದೆ ಕೊಟ್ಟರು. ಎಲ್ಲರೂ ನಿಂತು ಕೇಳಿದರು, "ಪಾಪ, ಯಾರೋ ದೊಡ್ಡೋರು" ಎಂದರು. ಹುಡುಕಿಯೂ ಹುಡುಕಿದರು. ಆದರೆ ಶಿಬಿರದ ಪುಣ್ಯದಿಂದ ಆ ವಾರ ಸೇಡಂನಲ್ಲಿ ಎಲ್ಲಿ ನೋಡಿದರೂ ಹಸಿರು ಪಟ್ಟಿಯ, ಬಿಳಿ ಧೋತರದ ಮುದುಕರೇ. ಮೊದಲು ಯಾರೋ ಒಬ್ಬನನ್ನು ಕೈಹಿಡಿದು ಕರೆತಂದರು. ಅವನು ಮಳಖೇಡದವನು, ಬಸ್ಸಿಗೆ ಕಾಯುತ್ತಿದ್ದವನು. "ನಾ ಕಳದಿಲ್ರೋ ಯಪ್ಪಾ, ನನ್ ಬಸ್ ಹೋತು" ಎಂದು ಬಾಯಿ ಬಡಿದುಕೊಂಡ. ಇನ್ನೊಬ್ಬ ಚಿಂಚೋಳಿ ಕಡೆಯವನು, ತೆಲುಗಿನಲ್ಲಿ ಬೈದ. ಮೂರನೆಯವನಿಗೆ ಈ ಉಪಚಾರ ಹಿಡಿಸಿ, ಆಟೊದಲ್ಲಿ ಕೂತು ಚಹಾ ಕೇಳಿದ.

ಬಸ್‌ಸ್ಟ್ಯಾಂಡಿನ ಹಣ್ಣಿನ ಬಂಡಿಯ ಫಕೀರಸಾಬ, "ನೀವ ಒಬ್ರೇ ಅಲ್ರಿ, ಇನ್ನೊಬ್ಬ ಮುತ್ಯಾನೂ ಹುಡುಕ್ಲಿಕತ್ತಾನ. ಎಲ್ಲಾರಿಗೂ ಕೇಳ್ಕೋತ ಬಜಾರ ಕಡಿ ಹೋದ. ಪಾಪ, ಭಾಳ ಕಳವಳ ಮಾಡ್ಕೊಂಡಾನ" ಎಂದ. ತನ್ನ ಅಪ್ಪನಿಗಾಗಿ ಯಾರೋ ಗುರುತಿಲ್ಲದ ಮುದುಕ ಬಿಸಿಲಲ್ಲಿ ಅಲೆಯುತ್ತಿರುವುದನ್ನು ಕೇಳಿ ಸಿದ್ಧಲಿಂಗ ಕೈಮುಗಿದು ಆಟೊವನ್ನು ಬಜಾರಿನತ್ತ ತಿರುಗಿಸಿದ.

ಹೊತ್ತು ಇಳಿಯತೊಡಗಿತು. ಮಧ್ಯಾಹ್ನದ ಡ್ರಾಪ್ಸ್ ತಪ್ಪಿತ್ತು, ಸಂಜೆಯದೂ ತಪ್ಪುವುದರಲ್ಲಿತ್ತು. ಬಜಾರಿನ ನಡುವೆ ಬಂದಾಗ ಮೊಬೈಲಿನ ಬ್ಯಾಟರಿ ಮುಗಿದು ಬೆಂಗಳೂರಿನವನು ‘ಶ್ವೇತವಸ್ತ್ರ’ ಎಂದಲ್ಲಿಗೆ ಬಾಯಿ ಮುಚ್ಚಿದ. ಸುತ್ತ ಸಂತೆಯಷ್ಟು ಜನ. ಎದುರಿಗೆ ಶೌಕತ ಅಲಿಯ ಅಂಗಡಿ. ಸೀಟಿನ ಕೆಳಗೆ ಹಳೆಯ ಮೈಕು.

ಸಿದ್ಧಲಿಂಗ ಮೈಕು ತೆಗೆದ. ಇಷ್ಟಾದರೂ ಅವನ ಬುದ್ಧಿ ನೋಡಿ, ಸೂಟು ಬಿಚ್ಚಲಿಲ್ಲ. "ಸಾರ್ವಜನಿಕರಲ್ಲಿ ಕಳಕಳಿಯ ಮನವಿ. ಶ್ರೀಯುತ ಗುರುಲಿಂಗಪ್ಪನವರು..." ಎಂದ. ಭೋಂಗಾದಲ್ಲಿ ಬೆಂಗಳೂರಿನವನ ದನಿ, ಆಟೊದಲ್ಲಿ ಸಿದ್ಧಲಿಂಗನ ತುಟಿ. ಅಂಗಡಿಯ ಮೆಟ್ಟಿಲ ಮೇಲಿದ್ದ ಶೌಕತ ಅಲಿಯ ಬಾಯಿ ತೆರೆದೇ ಉಳಿಯಿತು. ‘ಕಾಣೆಯಾಗಿದ್ದಾರೆ’ ಎನ್ನಬೇಕು. ಆ ಮಾತು ಗಂಟಲಿಂದ ಹೊರಗೇ ಬರಲಿಲ್ಲ. ಅದನ್ನು ಹೇಳಿಬಿಟ್ಟರೆ ಅಪ್ಪ ನಿಜವಾಗಿಯೂ ಇಲ್ಲವಾಗುತ್ತಾನೆ ಎನ್ನಿಸಿತು.

"ಯಪ್ಪಾ!" ಎಂದು ಒದರಿದ. "ಏ ಯಪ್ಪಾ! ಎಲ್ಲಿ ಹಾಳಾಗಿ ಹೋಗೀದ್ಯೋ? ಧೂಳಾಗ ಹೋಗಬ್ಯಾಡ ಅಂತ ಡಾಕ್ಟರ ಬಡ್ಕೊಂಡಾರ, ನೀ ಜಲ್ಮದಾಗ ಯಾರ ಮಾತರ ಕೇಳೀದೇನು? ನಿನ್ ಸೊಸಿ ಉಂಡಿಲ್ಲ, ನಾ ಉಂಡಿಲ್ಲ. ಎಲ್ಲೀದಿ ಅಲ್ಲೇ ನಿಂದ್ರು, ಕೈ ಎತ್ತು, ನಾ ಬರ್ತೀನಿ. ಯಪ್ಪಾ, ನಂಗ ಭಾಳ ಅಂಜಿಕಿ ಆಗ್ಲಿಕತ್ತದೋ!"

ತಕ್ಕಡಿ ಹಿಡಿದವರು ಹಿಡಿದಂತೆಯೇ ನಿಂತರು. ಆಗ ಜೋಳದ ಅಡತಿ ಅಂಗಡಿಯ ಹಿಂದಿನಿಂದ ಒಂದು ಕೈ ಮೇಲೆದ್ದಿತು.

"ಯಾಕ್ಲೇ ಹಂಗ ಒದರ್ಲಿಕತ್ತೀದಿ? ನಿಮ್ಮಪ್ಪ ಸತ್ತಾನೇನು?" ಎನ್ನುತ್ತ ಗುರುಲಿಂಗಪ್ಪ ಜನರನ್ನು ಸರಿಸಿಕೊಂಡು ಬಂದ. ಬೆವರು ಇಳಿಯುತ್ತಿತ್ತು, ಆದರೆ ಹಸಿರು ಪಟ್ಟಿ ಕೂತಲ್ಲೇ ಕೂತಿತ್ತು. "ನಾ ಇಲ್ಲಿ ಗೌಡ್ರಿಗಿ ಹುಡುಕಿ ಹುಡುಕಿ ಸಾಯ್ಲಿಕತ್ತೀನಿ, ನಿಂದೇನು ನಡುವ?"

"ಯಾವ ಗೌಡ್ರು?"

"ನಮ್ಮೂರ ಗುರುಲಿಂಗಪ್ಪ ಗೌಡ್ರು. ಸುಪಾರಿ ತರ್ಲಿಕ್ಕ ಬಂದಾಗ ಕೇಳ್ದೆ. ಪಾಪ, ಮಧ್ಯಾನದಿಂದ ಒಬ್ಬ ಸಾಹೇಬ ಸಾರ್ಲಿಕತ್ತಾನ, ಕೇಳಿಲ್ಲೇನು? ಗೌರವಾನ್ವಿತ, ಶ್ರೀಯುತ ಅಂತ. ಮುಧೋಳದಾಗ ಅಷ್ಟ ಮರ್ಯಾದಿ ಇನ್ಯಾರಿಗಿ ಅದ? ಗೌಡ್ರೂ ಕಣ್ ಮಾಡ್ಸ್ಕೊಂಡಿರ್ಬೇಕು ಅಂತ ತಿಳದೆ. ನಮ್ಮೂರ ಮನ್ಷಾ ಪರ ಊರಾಗ ಕಳದ್ರ ಸುಮ್ಮ ಕುಂದರ್ಲಿಕ್ಕ ಆಗ್ತದೇನು?"

ಸಿದ್ಧಲಿಂಗ ನಕ್ಕ, ನಗುತ್ತಲೇ ಅತ್ತ, ಅಪ್ಪನ ಎರಡೂ ಕೈ ಹಿಡಿದುಕೊಂಡ. ಮುದುಕ ಇಡೀ ಮಧ್ಯಾಹ್ನ ತನ್ನನ್ನೇ ತಾನು ಹುಡುಕಿಕೊಂಡು ತಿರುಗಿದ್ದ!

"ಯಪ್ಪಾ, ಅದು ನಿಂದೇ ಸುದ್ದಿ. ಆ ಸಾಹೇಬನೂ ನಾನೇ."

ಗುರುಲಿಂಗಪ್ಪ ಮಗನ ಮುಖವನ್ನು ಮಬ್ಬುಗಣ್ಣಿನಿಂದ ಬಹಳ ಹೊತ್ತು ನೋಡಿದ. "ಅಂವ ಕರದಾಗ ಗೌಡ್ರು ಕಳದಾರ ಅಂತ ತಿಳದೆ. ನೀ ಒದರಿದ ಮ್ಯಾಲೇ ನೋಡು, ಕಳದಾಂವ ನಾನು ಅಂತ ಗೊತ್ತಾಗಿದ್ದು" ಎಂದ.

ಶೌಕತ ಅಲಿ ಮೆಟ್ಟಿಲಿಳಿದು ಬಂದು ಆಟೊದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಸಿದ್ಧಲಿಂಗ ತಲೆ ತಗ್ಗಿಸಿದ. ಇಷ್ಟು ವರ್ಷದ ಸುಳ್ಳು ನಡುಬಜಾರಿನಲ್ಲಿ ಬತ್ತಲಾಗಿತ್ತು. "ಬದ್ಮಾಷ್!" ಎಂದ ಶೌಕತ ಅಲಿ. ಆಮೇಲೆ ಸ್ವಲ್ಪ ಯೋಚಿಸಿ, "ಬೆಂಗಳೂರ ದನಿ ಛಲೋ ಅದ, ಅದೇ ಇರ್ಲಿ. ಖರೆ ಇನ್ಮ್ಯಾಲ ಸೇಡಂ ರೇಟ್ ಹಚ್ಚು" ಎಂದು ಹೇಳಿ ಮುದುಕನಿಗೆ ಚಹಾ ತರಿಸಿದ.

ಕಣ್ಣು ಉಳಿಯಿತು. ಪಟ್ಟಿ ಬಿಚ್ಚಿದ ದಿನ ಗುರುಲಿಂಗಪ್ಪ ಸೊಸೆಯ ಸೀರೆಯ ಬಣ್ಣ ಹೇಳಿದ, ಮಗನ ತಲೆಯಲ್ಲಿ ಬಿಳಿಗೂದಲು ಎಣಿಸಲು ಹೋದ. ರಾತ್ರಿ ಉಣ್ಣುವಾಗ ಮೆಲ್ಲಗೆ, "ಆ ರೆಕಾರ್ಡ್ ಅದ ಏನೋ? ಒಮ್ಮಿ ಹಚ್ಚು. ನಂದೇ ಅಂತ ತಿಳದು ಕೇಳಿಲ್ಲ ಅದು" ಎಂದ. ಸಿದ್ಧಲಿಂಗ ಹಚ್ಚಿದ. ‘ಗೌರವಾನ್ವಿತ ಹಿರಿಯರಾದ’ ಎಂದ ಕೂಡಲೇ ಮುದುಕ ರುಮಾಲು ಸರಿಮಾಡಿಕೊಂಡು ನೆಟ್ಟಗೆ ಕೂತ. ಮುಗಿದ ಮೇಲೆ ಇನ್ನೊಮ್ಮೆ ಹಚ್ಚಿಸಿದ. ಬಸವೇಶ್ವರಿ ನಗಲು ಬಾಯಿ ತೆರೆದವಳು ಮಾವನ ಮುಖ ನೋಡಿ ಇನ್ನೊಂದು ರೊಟ್ಟಿ ಬಡಿಸಿದಳು.

ಊರಿಗೆ ಹೋಗುವ ದಿನ ಬಸ್ಸು ಬೇಡವೆಂದ. ಆಟೊದಲ್ಲಿಯೇ ಹೊರಟ. ಮುಧೋಳದ ಅಗಸಿ ಬಾಗಿಲು ಬಂದ ಕೂಡಲೇ, "ಹಚ್ಚು" ಎಂದ.

"ಯಪ್ಪಾ, ನೀ ಸಿಕ್ಕೀದಲ್ಲ, ಈಗ್ಯಾಕ?"

"ಹಚ್ಚು ಅಂದ್ರ ಹಚ್ಚು."

ಭೋಂಗಾ ಶುರುವಾಯಿತು. ಶ್ರೀಯುತ ಗುರುಲಿಂಗಪ್ಪನವರು ಕಾಣೆಯಾಗಿದ್ದಾರೆ ಎಂದು ಸಾರುತ್ತ, ಶ್ರೀಯುತ ಗುರುಲಿಂಗಪ್ಪನವರನ್ನೇ ಮುಂದೆ ಕೂರಿಸಿಕೊಂಡು ಆಟೊ ಮೆಲ್ಲಗೆ ಓಣಿ ಓಣಿ ದಾಟಿತು. ಹಿಟ್ಟಿನ ಕೈಯಲ್ಲೇ ಹೆಂಗಸರು ಹೊರಗೆ ಬಂದರು. ದೊಡ್ಡ ಮನೆಯ ಮುಂದೆ ಗೌಡರು ಗಾಬರಿಯಿಂದ ಕಟ್ಟೆ ಇಳಿದು ಬಂದು ಆಟೊಕ್ಕೆ ಕೈ ಅಡ್ಡ ಹಿಡಿದರು.

"ಬಂದ್ ಮಾಡೋ ಅದು! ನಾ ಇಲ್ಲೇ ಅದೀನಿ, ಕಳದಾನ ಅಂತ ಯಾಕ ಸಾರ್ಲಿಕತ್ತೀದಿ?"

ಗುರುಲಿಂಗಪ್ಪ ಅವಸರ ಮಾಡದೆ ಕೆಳಗಿಳಿದ. ಹೊಸ ಕಣ್ಣಿನಿಂದ ಗೌಡರನ್ನು ಮೇಲಿಂದ ಕೆಳಗಿನ ತನಕ ನೋಡಿದ.

"ನೀವಲ್ರಿ ಗೌಡ್ರ," ಎಂದ. "ಅದು ನಾನು."